ಬರೆದು ಕೊಟ್ಟರೆ ಫೈಲ್ ಆಗುತ್ತದೆ: ಹಾಸನದಲ್ಲಿ ಕಾಲೇಜು ಸೇರುವ ವಿಕಲಚೇತನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ನನ್ನ ಕಣ್ಣು ಮಂದ. ಮೊದಲ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣುವುದಿಲ್ಲ. ಅರಕಲಗೂಡು ಕಡೆಯ ಹಳ್ಳಿಯಿಂದ ಹಾಸನಕ್ಕೆ ಬಿಎ ಓದಲು ಬಂದಾಗ ಮೊದಲ ಸೆಮಿಸ್ಟರ್ ಪೂರ್ತಿ ಬಾಯಲ್ಲೇ ಕೇಳಿಕೊಂಡು ಕಳೆದೆ. ‘ಸರ್, ಪ್ರಶ್ನೆಪತ್ರಿಕೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಕೊಡ್ತೀರಾ?’ ಎಲ್ಲರೂ ‘ಆಯ್ತಮ್ಮ’ ಅಂದರು. ಇಂಟರ್ನಲ್ಸ್ ದಿನ ಕೈಗೆ ಬಂದದ್ದು ಅದೇ ಇರುವೆ ಸಾಲಿನಂಥ ಹಾಳೆ. ಯಾರಿಗೂ ಕೆಟ್ಟ ಮನಸ್ಸು ಇರಲಿಲ್ಲ. ಮರೆತಿದ್ದರು, ಅಷ್ಟೆ.

ಎರಡನೇ ಸೆಮಿಸ್ಟರಿನಲ್ಲಿ ಕಚೇರಿಯ ಗುಮಾಸ್ತರೊಬ್ಬರು ದಾರಿ ತೋರಿಸಿದರು. ‘ನೋಡವ್ವಾ, ಬಾಯಲ್ಲಿ ಹೇಳಿದ್ದಕ್ಕೆ ಫೈಲ್ ಇರಲ್ಲ. ಬರ್ದು ಕೊಡು, ನಂಬರ್ ಹಾಕ್ತೀನಿ.’ ಬರೆದು ಕೊಟ್ಟೆ. ಮುಂದಿನ ಪರೀಕ್ಷೆಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬಂತು. ಅವತ್ತಿನಿಂದ ಯಾರು ಸಲಹೆ ಕೇಳಿದರೂ ನಾನು ಹೇಳುವುದು ಇದೇ ಮಾತು. ಈಗ ಪ್ರತಿ ವರ್ಷ ಅಡ್ಮಿಷನ್ ಸಮಯಕ್ಕೆ ನಾಲ್ಕಾರು ಮಕ್ಕಳು, ಅವರ ಅಪ್ಪ ಅಮ್ಮ ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ. ಹಾಸನ ಜಿಲ್ಲೆಯ ಲೆಕ್ಕದಲ್ಲಿ ಬರೆದಿದ್ದರೂ ಚಿಕ್ಕಮಗಳೂರಿನವರಿಗೂ ಬಹುಪಾಲು ಇದೇ ದಾರಿ.

ಹೆಜ್ಜೆ 1: ಪಿಯುಸಿ ಮುಗಿಯುವ ಮೊದಲೇ ಯುಡಿಐಡಿ ಕಾರ್ಡು

ಊರಲ್ಲಿ ‘ಅಂಗವಿಕಲ ಸರ್ಟಿಫಿಕೇಟು’ ಅನ್ನುವುದರ ಜಾಗದಲ್ಲಿ ಈಗ ಎಲ್ಲೆಡೆ ಕೇಳುವುದು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡು. ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಧಾರ್, ಇತ್ತೀಚಿನ ಫೋಟೋ, ಸಹಿ ಅಥವಾ ಹೆಬ್ಬೆಟ್ಟಿನ ಚಿತ್ರ, ಹಳೆಯ ಪ್ರಮಾಣಪತ್ರ ಇದ್ದರೆ ಅದರ ಸ್ಕ್ಯಾನ್ ಬೇಕು. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಹಾಸನದವರಿಗೆ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು ವಿಳಾಸ. ಸಾಮಾನ್ಯವಾಗಿ ತಪಾಸಣೆ ಆಗುವುದು ನಿಮ್ಮ ವಿಳಾಸದ ದಾಖಲೆಯಲ್ಲಿರುವ ಜಿಲ್ಲೆಯಲ್ಲಿ. ಮೂಡಿಗೆರೆಯ ಹುಡುಗ ಹಾಸನದ ಹಾಸ್ಟೆಲ್‌ನಲ್ಲಿ ಇದ್ದು, ಆಧಾರ್‌ನಲ್ಲಿ ಮೂಡಿಗೆರೆ ಅಂತಲೇ ಇದ್ದರೆ ಚಿಕ್ಕಮಗಳೂರಿಗೇ ಹೋಗಬೇಕಾಗುತ್ತದೆ. ಎರಡನೆಯದು ದಿನ. ಕಣ್ಣು, ಕಿವಿ, ಮೂಳೆ, ಮಾನಸಿಕ ವಿಭಾಗದ ತಜ್ಞರು ಪ್ರಮಾಣಪತ್ರದ ತಪಾಸಣೆಗೆ ಎಲ್ಲ ದಿನವೂ ಕೂರುವುದಿಲ್ಲ. ಸಕಲೇಶಪುರದಿಂದ ಮಳೆಯಲ್ಲಿ ಬಂದು ‘ಮುಂದಿನ ವಾರ ಬನ್ನಿ’ ಅನ್ನಿಸಿಕೊಂಡು ವಾಪಸ್ ಹೋದವರನ್ನು ನೋಡಿದ್ದೇನೆ. ಹೊರಡುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಎಲ್ಲರೂ ಇವರನ್ನು ‘ವಿಆರ್‌ಡಬ್ಲ್ಯೂ’ ಅನ್ನುತ್ತಾರೆ. ತಾಲ್ಲೂಕು ಮಟ್ಟದಲ್ಲಿ ‘ಎಂಆರ್‌ಡಬ್ಲ್ಯೂ’ ಇರುತ್ತಾರೆ. ಯಾವ ವಾರ ಯಾವ ಡಾಕ್ಟರು ಅನ್ನುವುದು ಇವರಿಗೆ ಗೊತ್ತಿರುತ್ತದೆ. ಬಹಳ ಜನಕ್ಕೆ ಇಂಥವರು ಇದ್ದಾರೆ ಅಂತಲೇ ಗೊತ್ತಿಲ್ಲ.

ಕಾರ್ಡಿನ ಬಣ್ಣ ನೋಡಿ. ವಿಕಲತೆ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲೆ ನೀಲಿ. ಸೀಟಿನ ಮೀಸಲಾತಿಗೂ ಬಹುತೇಕ ಸ್ಕಾಲರ್‌ಶಿಪ್‌ಗಳಿಗೂ ಶೇ. 40 ಗಡಿ. ಜೊತೆಗೆ ಪ್ರಮಾಣಪತ್ರ ಕಾಯಂ ಅಂತ ಇದೆಯಾ, ತಾತ್ಕಾಲಿಕ ಅಂತ ಇದೆಯಾ ಓದಿಕೊಳ್ಳಿ. ತಾತ್ಕಾಲಿಕವಾದರೆ ಕೊನೆಯ ದಿನಾಂಕ ಇರುತ್ತದೆ. ಅದು ಅಡ್ಮಿಷನ್ ತಿಂಗಳಲ್ಲೇ ಮುಗಿದುಹೋದರೆ ಪಡಿಪಾಟಲು ಯಾರಿಗೂ ಬೇಡ.

ಇನ್ನೊಂದು ಮಾತು. ವಿಕಲತೆ ಅಂದರೆ ಕಾಲು, ಕಣ್ಣು, ಕಿವಿ ಇಷ್ಟೇ ಅಂತ ಇನ್ನೂ ಅನೇಕರು ತಿಳಿದಿದ್ದಾರೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇದೆ. ಕಲಿಕೆಯ ತೊಂದರೆ, ಆಟಿಸಂ, ಮಾನಸಿಕ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ, ಕುಬ್ಜತೆ, ಸ್ನಾಯುಕ್ಷಯ, ಆಸಿಡ್ ದಾಳಿಗೆ ಒಳಗಾದವರು, ಎಲ್ಲರೂ ಸೇರುತ್ತಾರೆ. ಹೊರಗೆ ಕಾಣದ ತೊಂದರೆ ಇರುವವರು ಸಂಕೋಚಪಟ್ಟು ಸುಮ್ಮನಿರುತ್ತಾರೆ. ಅವರಿಗೂ ಈ ದಾರಿ ಇದೆ.

ಕಿವಿಯ ಪರೀಕ್ಷೆ ಸರಿಯಾಗಿ ಆಗಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. 1965ರಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ. ನಮ್ಮಿಂದ ಒಂದು ದಿನದ ಓಡಾಟ.

ಹೆಜ್ಜೆ 2: ಸೀಟು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. 2016ರ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ವಿಕಲತೆ ಶೇ. 40 ಅಥವಾ ಹೆಚ್ಚು ಇರುವವರಿಗೆ ಮೀಸಲು. ವಯಸ್ಸಿನ ಮಿತಿಯಲ್ಲೂ 5 ವರ್ಷ ಸಡಿಲಿಕೆ ಇದೆ. ಡಿಗ್ರಿಗೆ ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ) ಪೋರ್ಟಲಿನಲ್ಲಿ ಅರ್ಜಿ ತುಂಬುವಾಗ ವಿಕಲಚೇತನ ಅನ್ನುವ ಕಡೆ ‘ಹೌದು’ ಒತ್ತಿ. ಸೈಬರ್ ಸೆಂಟರಿನಲ್ಲಿ ತುಂಬಿಸುವವರು ಇದನ್ನು ಪಕ್ಕದಲ್ಲಿ ನಿಂತು ನೋಡಿ. ಅವಸರದಲ್ಲಿ ‘ಇಲ್ಲ’ ಅಂತ ಹೋಗಿಬಿಟ್ಟರೆ ಮೆರಿಟ್ ಪಟ್ಟಿ ಬಂದ ಮೇಲೆ ಸರಿಪಡಿಸುವುದು ಕಷ್ಟ. ಎಂಜಿನಿಯರಿಂಗ್‌ಗೆ ಹೋಗುವವರು ಸಿಇಟಿ ಅರ್ಜಿಯಲ್ಲೇ ಕೇಳಿಕೊಳ್ಳಬೇಕು. ಯುಡಿಐಡಿ ಇದ್ದರೂ ಸಿಇಟಿ ನಡೆಸುವ ಕೆಇಎ ತನ್ನ ಕಡೆಯಿಂದ ಮತ್ತೆ ವೈದ್ಯಕೀಯ ತಪಾಸಣೆಗೆ ಕರೆಯುತ್ತದೆ. ಆ ದಿನಾಂಕವನ್ನು ತಪ್ಪಿಸಿಕೊಳ್ಳಬೇಡಿ.

ಕೆಲವರು ‘ಮೆರಿಟ್‌ನಲ್ಲೇ ಸೀಟು ಸಿಗುತ್ತೆ, ಪಿಎಚ್ (ವಿಕಲಚೇತನ) ಅಂತ ಯಾಕೆ ಹಾಕಬೇಕು’ ಅನ್ನುತ್ತಾರೆ. ಸೀಟಿಗೆ ಬೇಡದಿದ್ದರೂ ಹಾಕಿ. ಮುಂದೆ ಪರೀಕ್ಷೆಗೆ ಸ್ಕ್ರೈಬ್ (ನಾವು ಹೇಳಿದ್ದನ್ನು ಬರೆದುಕೊಡುವವರು) ಕೇಳಲು ಹೋದಾಗ ‘ನಿಮ್ಮ ಅರ್ಜಿಯಲ್ಲಿ ಇಲ್ವಲ್ಲ’ ಅನ್ನುವ ಮಾತು ಕೇಳಬೇಕಾಗುವುದಿಲ್ಲ.

ಹೆಜ್ಜೆ 3: ಸೇರುವ ಮೊದಲು ಕಾಲೇಜನ್ನು ನೋಡಿ ಬನ್ನಿ

ಗಾಲಿಕುರ್ಚಿ, ಊರುಗೋಲು, ಕ್ಯಾಲಿಪರ್ ಬಳಸುವವರು ಕೈಯಲ್ಲಿ ಒಂದು ಅಳತೆ ಟೇಪು ಹಿಡಿದುಕೊಂಡೇ ಹೋಗಿ. ರ‍್ಯಾಂಪ್ ಇದೆ ಅಂದ ಮಾತ್ರಕ್ಕೆ ಹತ್ತಲು ಆಗುತ್ತದೆ ಅಂತಲ್ಲ. ಇಳಿಜಾರು 1ಕ್ಕೆ 12 ಇರಬೇಕು. ಅಂದರೆ ಮೆಟ್ಟಿಲಿನ ಎತ್ತರ ಒಂದು ಅಡಿ ಇದ್ದರೆ ರ‍್ಯಾಂಪ್ 12 ಅಡಿ ಉದ್ದ ಇರಬೇಕು. ಮೂರು ಮೆಟ್ಟಿಲಿನ ಮೇಲೆ ಸಿಮೆಂಟು ಸುರಿದು ನಾಲ್ಕು ಅಡಿಯಲ್ಲಿ ಮುಗಿಸಿದ ರ‍್ಯಾಂಪುಗಳನ್ನು ನಾನೇ ನೋಡಿದ್ದೇನೆ. ಅವು ಬೈಕ್ ಹತ್ತಿಸಲು ಮಾತ್ರ ಅನುಕೂಲ. ಬಾಗಿಲು 90 ಸೆಂಟಿಮೀಟರ್ ಅಗಲ ಇದೆಯಾ ನೋಡಿ. ಶೌಚಾಲಯಕ್ಕೆ ಬೀಗ ಹಾಕಿದ್ದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಕೇಳಿ. ನಗಬೇಡಿ, ಇದು ದಿನಕ್ಕೆ ಎರಡು ಸಲ ಬೇಕಾಗುವ ಮಾಹಿತಿ.

ಮಲೆನಾಡಿನ ಅಂಚಿನವರಾದ ನಮಗೆ ಮಳೆಗಾಲದ್ದು ಬೇರೆಯೇ ಕತೆ. ಬೇಸಿಗೆಯಲ್ಲಿ ಚೆನ್ನಾಗಿ ಕಂಡ ರ‍್ಯಾಂಪ್ ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ನುಣುಪು ಟೈಲ್ಸ್ ಇದ್ದರಂತೂ ಊರುಗೋಲು ನಿಲ್ಲುವುದೇ ಇಲ್ಲ. ಗೊರಗೊರ ಅನ್ನುವ ಒರಟು ಮೇಲ್ಮೈ, ಹಿಡಿಯಲು ಕಂಬಿ, ಮೇಲೆ ಶೀಟು, ಈ ಮೂರು ಇದೆಯಾ ನೋಡಿ. ಊರುಗೋಲಿನ ತುದಿಯ ರಬ್ಬರನ್ನು ಜೂನ್‌ಗೆ ಮುಂಚೆ ಬದಲಿಸಿಕೊಳ್ಳಿ.

ಒಂದು ಗುಟ್ಟು ಹೇಳುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕೆ ಹೋದ ಪ್ರತಿ ಕಾಲೇಜೂ ತನ್ನ ವರದಿಯನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತದೆ. ಅದರ ಏಳನೇ ಮಾನದಂಡದಲ್ಲಿ ವಿಕಲಚೇತನ ಸ್ನೇಹಿ ವಾತಾವರಣದ ಬಗ್ಗೆ ಪ್ರಶ್ನೆ ಇದೆ. ರ‍್ಯಾಂಪ್, ಲಿಫ್ಟ್, ಶೌಚಾಲಯ, ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ), ಸ್ಕ್ರೈಬ್, ಏನೇನು ಇದೆ ಅಂತ ಕಾಲೇಜೇ ಬರೆದು ಫೋಟೋ ಸಮೇತ ಕೊಟ್ಟಿರುತ್ತದೆ. ಆ ಪುಟ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ‘ಸರ್, ವರದಿಯಲ್ಲಿ ಇದೆ ಅಂತ ಹಾಕಿದ್ದೀರಿ, ನನಗೂ ಅದೇ ಬೇಕು’ ಅನ್ನುವುದಕ್ಕಿಂತ ವಿನಯದ, ಗಟ್ಟಿಯಾದ ಮಾತು ಇನ್ನೊಂದಿಲ್ಲ.

ಹೆಜ್ಜೆ 4: ಮೊದಲ ವಾರದ ಪತ್ರ

ಸೇರಿದ ಮೊದಲ ವಾರದಲ್ಲೇ, ಟೈಮ್‌ಟೇಬಲ್ ಅಂತಿಮ ಆಗುವ ಮೊದಲೇ ಈ ಪತ್ರ ಕೊಡಿ. ಯಾಕೆ ಅಷ್ಟು ಬೇಗ? ನಿಮ್ಮ ತರಗತಿಯನ್ನು ಮೊದಲ ಮಹಡಿಯಿಂದ ಕೆಳಕ್ಕೆ ತರುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಟೈಮ್‌ಟೇಬಲ್ ಗೋಡೆಗೆ ಅಂಟಿಸಿದ ಮೇಲೆ ಕೇಳಿದರೆ ನಾಲ್ಕು ವಿಭಾಗದವರನ್ನು ಒಪ್ಪಿಸಬೇಕು.

ಪತ್ರ ಹೀಗಿರಲಿ:

‘ಇವರಿಗೆ, ಪ್ರಾಂಶುಪಾಲರು. ವಿಷಯ: ವಿಕಲಚೇತನ ವಿದ್ಯಾರ್ಥಿಯಾಗಿ ಅಗತ್ಯ ಸೌಲಭ್ಯ ಒದಗಿಸುವ ಬಗ್ಗೆ. ಮಾನ್ಯರೇ, ನಾನು ಪ್ರಥಮ ಬಿ.ಎ. ವಿದ್ಯಾರ್ಥಿನಿ. ನನಗೆ ಶೇ. ಇಷ್ಟು ಮಂದದೃಷ್ಟಿ ಇದ್ದು, ಯುಡಿಐಡಿ ಸಂಖ್ಯೆ ಇಂತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16 ಮತ್ತು 17ನೇ ಸೆಕ್ಷನ್‌ಗಳಂತೆ ನನಗೆ ಕೆಳಗಿನ ಸೌಲಭ್ಯ ಒದಗಿಸಬೇಕಾಗಿ ಕೋರುತ್ತೇನೆ. ಒಂದು, ಇಂಟರ್ನಲ್ಸ್ ಪ್ರಶ್ನೆಪತ್ರಿಕೆ 20 ಅಳತೆಯ ಅಕ್ಷರದಲ್ಲಿ. ಎರಡು, ತರಗತಿಯ ನೋಟ್ಸ್ ಯೂನಿಕೋಡ್ ಕಡತವಾಗಿ. ಮೂರು, ಸೆಮಿಸ್ಟರ್ ಪರೀಕ್ಷೆಗೆ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯಕ್ಕೆ ವಿಶ್ವವಿದ್ಯಾಲಯಕ್ಕೆ ಶಿಫಾರಸು. ಕಾರ್ಡಿನ ಪ್ರತಿ ಲಗತ್ತಿಸಿದೆ. ಪ್ರತಿಗಳು: ವಿಭಾಗದ ಮುಖ್ಯಸ್ಥರು, ಗ್ರಂಥಪಾಲಕರು.’

‘ಸಹಾಯ ಮಾಡಿ’ ಅಂತ ಬರೆಯಬೇಡಿ. ಏನು ಬೇಕು ಅಂತ ಬರೆಯಿರಿ. ‘ನನಗೆ ಕಷ್ಟ ಇದೆ’ ಅಂದರೆ ಓದಿದವರು ಅಯ್ಯೋ ಪಾಪ ಅಂದು ಫೈಲು ಮುಚ್ಚುತ್ತಾರೆ. ‘ಅಕ್ಷರ 20 ಅಳತೆ’ ಅಂದರೆ ಟೈಪ್ ಮಾಡುವವರು ಆ ಸಂಖ್ಯೆ ಒತ್ತುತ್ತಾರೆ. ಯೂನಿಕೋಡ್ ಏನು ಅನ್ನುವುದು ಮುಂದಿನ ಹೆಜ್ಜೆಯಲ್ಲಿದೆ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಇಲ್ಲೇ ಇಟ್ಟು ಹೋಗಿ’ ಅಂದರೆ ನಗುತ್ತಲೇ ನಿಂತಿರಿ. ಸೀಲು ಬಿದ್ದ ಆ ಪ್ರತಿ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇರಲಿ. ಮೂರು ವರ್ಷದ ಎಲ್ಲ ಕಾಗದವೂ ಅದರಲ್ಲೇ.

ಆಸ್ಪತ್ರೆ ಓಡಾಟ ಇರುವವರು ಹಾಜರಾತಿಯ ಮಾತನ್ನೂ ಇದೇ ಪತ್ರದಲ್ಲಿ ಸೇರಿಸಿ. ಥಲಸ್ಸೀಮಿಯಾ ಇರುವವರು ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕಾಗಬಹುದು. ಕೊನೆಗೆ ಶೇ. 75 ಹಾಜರಾತಿ ಇಲ್ಲ ಅಂತ ಪಟ್ಟಿ ಅಂಟಿಸಿದಾಗ ಡಾಕ್ಟರ ಚೀಟಿ ಹಿಡಿದು ಓಡುವುದಕ್ಕಿಂತ, ಮೊದಲೇ ಹೇಳಿ ಪ್ರತಿ ಸಲದ ಚೀಟಿಯನ್ನು ಆಗಾಗ ಕೊಡುತ್ತಾ ಹೋಗುವುದು ಸಲೀಸು. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಕಾಯಿಲೆಯ ಹೆಸರು ಎಲ್ಲರ ಮುಂದೆ ಹೇಳಬೇಕಾಗಿಲ್ಲ. ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರಿಗೇ ಕೊಡಬಹುದು. ರಾತ್ರಿ ಹೊತ್ತು ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೆಜ್ಜೆ 5: ಪಾಠ, ನೋಟ್ಸ್ ಮತ್ತು ನುಡಿ ಫಾಂಟಿನ ತಲೆನೋವು

ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಇದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದಂತಿದೆ, ನಾಲ್ಕು ದಿನಕ್ಕೆ ಅಭ್ಯಾಸವಾಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಸಾಕು. ಗೂಗಲ್‌ನ ಕನ್ನಡ ದನಿ ನನ್ನ ಕಿವಿಗೆ ಹೆಚ್ಚು ಹಿತ.

ತೊಂದರೆ ಬರುವುದು ಕಡತದಲ್ಲಿ. ನಮ್ಮ ಕಾಲೇಜುಗಳಲ್ಲಿ ಎಷ್ಟೋ ಕನ್ನಡ ನೋಟ್ಸ್ ಇನ್ನೂ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಕಣ್ಣಿಗೆ ಚೆಂದದ ಕನ್ನಡ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫಾಂಟು ಅದರ ಮೇಲೆ ಕನ್ನಡದ ಮುಖವಾಡ ಹಾಕಿರುತ್ತದೆ ಅಷ್ಟೆ. ಸ್ಕ್ರೀನ್ ರೀಡರ್ ಮುಖವಾಡ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ‘ಕನ್ನಡ’ ಅನ್ನುವ ಪದ ನಾಲ್ಕೈದು ಗೊತ್ತಿಲ್ಲದ ಚಿಹ್ನೆಗಳಾಗಿ ಕೇಳಿಸುತ್ತದೆ. ಮೇಷ್ಟರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭವಲ್ಲ. ‘ನಂಗೆ ಸರಿಯಾಗೇ ಕಾಣ್ತಿದೆಯಲ್ಲಮ್ಮ’ ಅನ್ನುತ್ತಾರೆ. ನಾನು ಮಾಡಿದ್ದು ಇಷ್ಟು: ಸ್ಟಾಫ್ ರೂಮಿನಲ್ಲಿ ಅವರ ಕಂಪ್ಯೂಟರಿನಿಂದಲೇ ಆ ಕಡತವನ್ನು ಓದಿಸಿ ಕೇಳಿಸಿದೆ. ಅರ್ಧ ನಿಮಿಷ ಸಾಕಾಯಿತು. ಮರುದಿನದಿಂದ ಅವರು ಯೂನಿಕೋಡಿನಲ್ಲೇ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವಂತೆ, ಟೈಪ್ ಮಾಡಿಸಿದರು.

ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತದೆ, ಗೆಳತಿಯೊಬ್ಬಳಿಂದ ಒಮ್ಮೆ ತಿದ್ದಿಸಿಕೊಳ್ಳಿ. ಅಚ್ಚಾದ ಪುಸ್ತಕವಾದರೆ ಪುಟದ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡ ಅಕ್ಷರವನ್ನು ಗುರುತಿಸಿ ಪಠ್ಯವಾಗಿ ಕೊಡುತ್ತದೆ. ಕೈಬರಹದ ನೋಟ್ಸನ್ನು ವಾಟ್ಸಾಪ್‌ನಲ್ಲಿ ಫೋಟೋ ಹಾಕಿದರೆ ಮಾತ್ರ ಈ ಆಟ ನಡೆಯುವುದಿಲ್ಲ. ಆಗ ಗೆಳೆಯರಿಗೆ ‘ಓದಿ ವಾಯ್ಸ್ ಕಳಿಸಿ’ ಅನ್ನಿ. ಓದಿದವರಿಗೂ ಒಂದು ಸಲ ಓದಿದಂತಾಯಿತು.

ಲೈಬ್ರರಿಯಲ್ಲಿ ಇಡೀ ಪುಸ್ತಕ ಸ್ಕ್ಯಾನ್ ಮಾಡಲು ‘ಕಾಪಿರೈಟ್ ಇದೆ’ ಅಂತ ಹಿಂಜರಿದರೆ ಹೇಳಿ: 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ಗೆ ವಿನಾಯಿತಿ ಸೇರಿದೆ. ವಿಕಲಚೇತನರ ಓದಿಗಾಗಿ, ಲಾಭವಿಲ್ಲದೆ, ಓದಲು ಆಗುವ ರೂಪಕ್ಕೆ ಬದಲಿಸುವುದು ತಪ್ಪಲ್ಲ. 2016ರ ಆಗಸ್ಟ್‌ನಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಇದೆ. ಇಂಗ್ಲಿಷ್‌ನಷ್ಟು ಕನ್ನಡ ಪುಸ್ತಕ ಅಲ್ಲಿಲ್ಲ, ಆದರೂ ಸದಸ್ಯರಾಗಿ.

ಕಿವಿ ಕೇಳದವರಿಗೆ ಜಿಲ್ಲೆಯಲ್ಲಿ ಸಂಜ್ಞೆ ಭಾಷೆಯ ದುಭಾಷಿ ಸಿಗುವುದು ಕಷ್ಟ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸದ್ಯಕ್ಕೆ ಕೈಗೆಟಕುವುದು ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ ಗೂಗಲ್‌ನ ಆ್ಯಪ್. ಹೇಳಿದ ಮಾತು ಫೋನಿನಲ್ಲಿ ಕನ್ನಡ ಅಕ್ಷರವಾಗಿ ಮೂಡುತ್ತದೆ. ಮೇಷ್ಟರು ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬೆರೆಸಿದರೆ ತಬ್ಬಿಬ್ಬಾಗುತ್ತದೆ. ಫೋನನ್ನು ಮೇಷ್ಟರ ಮೇಜಿನ ಮೇಲೆ ಇಟ್ಟು, ಅದರಲ್ಲಿ ಮೂಡುವುದನ್ನು ನಿಮ್ಮ ಬೆಂಚಿನಿಂದಲೇ ನೋಡುವ ವ್ಯವಸ್ಥೆ ಮಾಡಿಕೊಂಡರೆ ಫ್ಯಾನ್ ಸದ್ದಿನ ಕಾಟ ಕಡಿಮೆ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ ಅಂತ ಪತ್ರದಲ್ಲೇ ಬರೆಯಿರಿ. ತುಟಿ ನೋಡಿ ಓದುವವರಿಗೆ ಬೆನ್ನು ನೋಡಿ ಏನು ತಿಳಿಯುತ್ತದೆ, ಅಲ್ವಾ? ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡುವ ಮಾತು 17ನೇ ಸೆಕ್ಷನ್‌ನಲ್ಲೇ ಇದೆ. ಬೇಕಾದವರು ಮೊದಲ ಸೆಮಿಸ್ಟರಿನಲ್ಲೇ ಅರ್ಜಿ ಕೊಡಬೇಕು.

ಹೆಜ್ಜೆ 6: ಪರೀಕ್ಷೆ

ಎಲ್ಲರ ಎದೆ ಹೊಡೆದುಕೊಳ್ಳುವ ಜಾಗ ಇದು. ಇಲ್ಲಿ ಹೇಳುವ ನಿಯಮಗಳು 2018ರ ಆಗಸ್ಟ್ 29ರ ಕೇಂದ್ರದ ಮಾರ್ಗಸೂಚಿಯವು. ಆ ಆದೇಶದ ಪ್ರತಿ ನಿಮ್ಮ ಫೋಲ್ಡರಿನಲ್ಲಿ ಇರಲೇಬೇಕು.

ಸಮಯದ ಲೆಕ್ಕ ಸುಲಭ. ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ. 3 ಗಂಟೆಯ ಪರೀಕ್ಷೆಗೆ 1 ಗಂಟೆ, 2 ಗಂಟೆಗೆ 40 ನಿಮಿಷ. ಶೇ. 40 ಅಥವಾ ಹೆಚ್ಚು ಇರುವವರಿಗೆ ಸ್ಕ್ರೈಬ್ ತೆಗೆದುಕೊಳ್ಳದೆ ತಾವೇ ಬರೆದರೂ ಈ ಸಮಯ ಸಿಗುತ್ತದೆ. ಇದು ಕೊಠಡಿ ಮೇಲ್ವಿಚಾರಕರಿಗೆ ಗೊತ್ತಿರುವುದಿಲ್ಲ. ‘ಸ್ಕ್ರೈಬ್ ಇದ್ದೋರಿಗೆ ಮಾತ್ರ’ ಅಂತ ಹಾಳೆ ಕಿತ್ತುಕೊಂಡ ಅನುಭವ ನನ್ನ ಪರಿಚಯದ ಹುಡುಗನಿಗೆ ಆಗಿದೆ. ಆದ್ದರಿಂದ ಹಾಲ್ ಟಿಕೆಟ್ ಜೊತೆ ಅನುಮತಿ ಪತ್ರವನ್ನು ಮೊದಲ ದಿನವೇ ಪರೀಕ್ಷಾ ಮುಖ್ಯ ಅಧೀಕ್ಷಕರಿಗೆ ತೋರಿಸಿ, ಕೊಠಡಿಗೆ ತಿಳಿಸಲು ಹೇಳಿ.

ಸ್ಕ್ರೈಬ್ ಯಾರಿಗೆ? ಅಂಧರು, ಎರಡೂ ಕೈಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು. ಉಳಿದವರು, ನನ್ನಂಥ ಮಂದದೃಷ್ಟಿಯವರೂ ಸೇರಿ, ಬರೆಯಲು ಅಡ್ಡಿ ಇದೆ ಅನ್ನುವ ಪ್ರಮಾಣಪತ್ರವನ್ನು ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರಿಂದ ತರಬೇಕು. ಅದಕ್ಕೆ ಮಾರ್ಗಸೂಚಿಯ ಕೊನೆಯಲ್ಲಿ ನಮೂನೆ ಇದೆ. ಅದನ್ನೇ ಪ್ರಿಂಟ್ ಮಾಡಿ ಒಯ್ಯಿರಿ. ಡಾಕ್ಟರು ಬೇರೆ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ವಿಶ್ವವಿದ್ಯಾಲಯ ವಾಪಸ್ ಕಳಿಸಬಹುದು.

ಶೇ. 40ಕ್ಕಿಂತ ಕಡಿಮೆ ಇದ್ದರೆ? 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ವಿಕಾಸ್ ಕುಮಾರ್ ಅವರಿಗೆ. ಶೇ. 40 ಇಲ್ಲ ಅಂತ ಸ್ಕ್ರೈಬ್ ನಿರಾಕರಿಸುವಂತಿಲ್ಲ ಅಂದಿತು ಕೋರ್ಟು. ಅದರ ಮೇಲೆ 2022ರ ಆಗಸ್ಟ್ 10ರಂದು ಬೇರೆ ಮಾರ್ಗಸೂಚಿ ಬಂತು. ಬಿಳಿ ಪಟ್ಟಿಯ ಕಾರ್ಡಿನವರು ಆ ಆದೇಶ ಹಿಡಿದು ಕೇಳಬೇಕು.

ಸ್ಕ್ರೈಬ್ ಹುಡುಕುವುದು ಪರೀಕ್ಷೆಗಿಂತ ದೊಡ್ಡ ಪರೀಕ್ಷೆ. ನೀವೇ ಕರೆತರುವುದಾದರೆ ಅವರ ಓದು ನಿಮ್ಮದಕ್ಕಿಂತ ಒಂದು ಹಂತ ಕಡಿಮೆ ಇರಬೇಕು. ಡಿಗ್ರಿಯವರಿಗೆ ಪಿಯುಸಿಯವರು. ಪಿಯು ಕಾಲೇಜಿನ ಎನ್ಎಸ್ಎಸ್ ಅಧಿಕಾರಿಗಳನ್ನು ಒಂದು ತಿಂಗಳು ಮೊದಲೇ ಕೇಳಿ. ನಾನು ಎಂದೂ ಒಬ್ಬರನ್ನೇ ನೆಚ್ಚಿಕೊಂಡಿಲ್ಲ, ಯಾವಾಗಲೂ ಇಬ್ಬರು. ಜ್ವರ ಬರುತ್ತದೆ, ಊರ ಹಬ್ಬ ಬರುತ್ತದೆ, ಬಸ್ಸು ಕೆಡುತ್ತದೆ. ತುರ್ತಿನಲ್ಲಿ ಬದಲಿಸಲೂ ನಿಯಮದಲ್ಲಿ ಅವಕಾಶ ಇದೆ.

ಬೇರೆ ಬೇರೆ ವಿಷಯಕ್ಕೆ, ಅದರಲ್ಲೂ ಭಾಷೆಗಳಿಗೆ ಬೇರೆ ಸ್ಕ್ರೈಬ್ ಇಟ್ಟುಕೊಳ್ಳಬಹುದು. ಇದರ ಬೆಲೆ ನನಗೆ ಗೊತ್ತಾದದ್ದು ಇತಿಹಾಸದ ಪರೀಕ್ಷೆಯಲ್ಲಿ. ಬಂದ ಹುಡುಗಿ ಇಂಗ್ಲಿಷ್ ಮೀಡಿಯಂ, ಸೈನ್ಸ್. ಬೇಲೂರಿನ ಶಿಲ್ಪದ ಬಗ್ಗೆ ಹತ್ತು ಅಂಕದ ಉತ್ತರ. ‘ಶಾಲಭಂಜಿಕೆ’ ಅಂದೆ. ‘ಅಕ್ಕಾ, ಹೊಟ್ಟೆ ಸೀಳ್ಬೇಕಾ?’ ಅಂದಳು. ‘ವಿಷ್ಣುವರ್ಧನ’ ಅಂದೆ. ‘ಅಕ್ಕಾ, ಇದಕ್ಕೂ ಸೀಳ್ಬೇಕಾ?’ ಪಾಪ, ಒಳ್ಳೆಯ ಹುಡುಗಿ. ಆದರೆ ಹೆಚ್ಚುವರಿ ಸಮಯವೆಲ್ಲ ಕಾಗುಣಿತಕ್ಕೇ ಹೋಯಿತು. ಪರೀಕ್ಷೆಗೆ ಎರಡು ದಿನ ಮೊದಲು ಸ್ಕ್ರೈಬನ್ನು ಭೇಟಿಯಾಗಲು ಅವಕಾಶ ಇದೆ. ಆಗ ಒಂದು ಪುಟ ಬರೆಸಿ ನೋಡಿ. ಕೈಬರಹ, ವೇಗ, ಕಾಗುಣಿತ ಮೂರೂ ತಿಳಿಯುತ್ತದೆ.

ಅರ್ಜಿಯ ದಾರಿ ಹೀಗೆ: ಪರೀಕ್ಷಾ ಶುಲ್ಕ ಕಟ್ಟುವ ದಿನವೇ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ಅರ್ಜಿ. ಅದರ ಜೊತೆ ಯುಡಿಐಡಿ, ಆಸ್ಪತ್ರೆಯ ನಮೂನೆ, ಸ್ಕ್ರೈಬ್ ಒಪ್ಪಿಗೆ, ಅವರ ಅಂಕಪಟ್ಟಿ ಮತ್ತು ಆಧಾರ್ ಪ್ರತಿ, ಫೋಟೋ. ಸ್ವಾಯತ್ತ ಕಾಲೇಜಾದರೆ ಅಲ್ಲಿನ ಪರೀಕ್ಷಾ ನಿಯಂತ್ರಕರೇ ಸಾಕು. ಎಂಜಿನಿಯರಿಂಗ್‌ನವರಿಗೆ ವಿಟಿಯು. ಕೊಠಡಿ ಆದಷ್ಟೂ ನೆಲಮಹಡಿಯಲ್ಲಿ ಇರಬೇಕು ಅನ್ನುವುದೂ ಅದೇ ಮಾರ್ಗಸೂಚಿಯಲ್ಲಿದೆ. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಸೇರಿಸಿ. ಇದೆಲ್ಲ ಕಾಲೇಜು ಪರೀಕ್ಷೆಯ ಮಾತು. ನೌಕರಿಗಾಗಿ ಬರೆಯುವ ಸ್ಪರ್ಧಾ ಪರೀಕ್ಷೆಗಳಲ್ಲಿ ಸ್ಕ್ರೈಬ್ ನಿಯಮ ಬೇರೆ ಇರಬಹುದು, ಆಯಾ ಅಧಿಸೂಚನೆಯನ್ನೇ ಓದಿ.

ಹೆಜ್ಜೆ 7: ದುಡ್ಡು

ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮೊದಲು ಮಾಡಿಸಿ. ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಲ್ಲೇ ಇರಬೇಕು, ಆಧಾರ್ ಜೋಡಣೆ ಆಗಿರಬೇಕು. ಸ್ಕಾಲರ್‌ಶಿಪ್ ಮಂಜೂರಾಗಿ ದುಡ್ಡು ಬರದೆ ಇದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ.

ಸ್ಕಾಲರ್‌ಶಿಪ್ ಅರ್ಜಿಗೆ ರಾಜ್ಯದ್ದು ಎಸ್ಎಸ್‌ಪಿ ಪೋರ್ಟಲ್. ಕೇಂದ್ರದ್ದು ಎನ್ಎಸ್‌ಪಿ. ಎನ್ಎಸ್‌ಪಿಯಲ್ಲಿ ವಿಕಲಚೇತನರಿಗೇ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಶೇ. 40 ಇರಬೇಕು, ಮನೆಯ ವಾರ್ಷಿಕ ಆದಾಯ 2.5 ಲಕ್ಷ ರೂ. ಒಳಗಿರಬೇಕು. ಎಂಜಿನಿಯರಿಂಗ್, ಡಿಪ್ಲೊಮಾ ಓದುವವರಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣ ಮಂಡಳಿಯ) ಸಕ್ಷಮ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 50,000 ರೂ., ಆದಾಯ ಮಿತಿ 8 ಲಕ್ಷ. ಎರಡು ಕಡೆ ಒಟ್ಟಿಗೆ ತೆಗೆದುಕೊಳ್ಳಲು ಆಗುವುದಿಲ್ಲ. ಲೆಕ್ಕ ಹಾಕಿ ಹೆಚ್ಚು ಬರುವುದನ್ನು ಹಿಡಿಯಿರಿ.

ರಾಜ್ಯದ ವಿಕಲಚೇತನರ ಸಬಲೀಕರಣ ಇಲಾಖೆಯಲ್ಲಿ ಶುಲ್ಕ ಮರುಪಾವತಿ, ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್, ಕಾಲಿನ ತೊಂದರೆ ಇರುವವರಿಗೆ ಯಂತ್ರಚಾಲಿತ ದ್ವಿಚಕ್ರ ವಾಹನದ ಯೋಜನೆಗಳಿವೆ. ಹಣ ಬಂದಷ್ಟು ಜನಕ್ಕೆ ಮಾತ್ರ ಕೊಡುತ್ತಾರೆ, ಆಯ್ಕೆ ಪಟ್ಟಿ ಇರುತ್ತದೆ. ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಹಾಕಿ. ನನಗೆ ತಿಳಿದವರಲ್ಲಿ ಮೊದಲ ಸಲಕ್ಕೇ ಸಿಕ್ಕವರು ಕಡಿಮೆ. ಅರ್ಜಿ ಕರೆದ ಸುದ್ದಿ ತಿಳಿಯಲು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ತಿಂಗಳಿಗೊಮ್ಮೆ ಫೋನ್ ಮಾಡುವುದು ರೂಢಿಯಾಗಲಿ.

ಹೆಜ್ಜೆ 8: ಬಸ್ಸು, ರೈಲು, ಹಾಸ್ಟೆಲ್

ಕೆಎಸ್ಆರ್‌ಟಿಸಿ ರಿಯಾಯಿತಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ. ವರ್ಷಕ್ಕೆ 660 ರೂ., ಊರಿನಿಂದ 100 ಕಿ.ಮೀ. ವ್ಯಾಪ್ತಿ. ಹಾಸನ ಜಿಲ್ಲೆಯೊಳಗೆ ಓಡಾಡುವವರಿಗೆ ಇದು ಧಾರಾಳ. ಅಂಧರಿಗೆ ಉಚಿತ ಪಾಸು ಬೇರೆ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಪಾಸಿನ ತಲೆಬಿಸಿ ಕಡಿಮೆ. ಸಕಲೇಶಪುರ, ಮೂಡಿಗೆರೆ ಕಡೆ ಖಾಸಗಿ ಬಸ್ಸಿಗೆ ಹತ್ತುವವರು ನೆನಪಿಡಿ, ಅಲ್ಲಿ ಈ ಪಾಸು ನಡೆಯುವುದಿಲ್ಲ. ರೈಲಿನಲ್ಲಿ ಅಂಧರಿಗೂ, ಜೊತೆಗಾರರಿಲ್ಲದೆ ಹೋಗಲಾಗದ ಕಾಲಿನ ತೊಂದರೆಯವರಿಗೂ ಸ್ಲೀಪರ್ ದರದಲ್ಲಿ ಶೇ. 75 ರಿಯಾಯಿತಿ, ಜೊತೆಗಾರರಿಗೂ ಅಷ್ಟೇ.

ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ), ಸಮಾಜ ಕಲ್ಯಾಣ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿದ ಕೂಡಲೇ ವಾರ್ಡನ್‌ಗೆ ಒಂದು ಪತ್ರ: ನೆಲಮಹಡಿಯ ಕೋಣೆ, ಶೌಚಾಲಯಕ್ಕೆ ಹತ್ತಿರ. ಇಲ್ಲೂ ಸೀಲು ಮರೆಯಬೇಡಿ.

ಹೆಜ್ಜೆ 9: ‘ಆಗಲ್ಲ’ ಅಂದರೆ

ಮೊದಲು ಕಾರಣವನ್ನು ಬರೆದು ಕೊಡಲು ಕೇಳಿ. ಅರ್ಧದಷ್ಟು ‘ಆಗಲ್ಲ’ಗಳು ಇಲ್ಲೇ ‘ನೋಡೋಣ’ ಆಗುತ್ತವೆ. ಯಾಕೆಂದರೆ ಆಗಲ್ಲ ಅಂತ ಸಹಿ ಹಾಕಲು ಯಾರಿಗೂ ಇಷ್ಟವಿಲ್ಲ.

ಆಗದಿದ್ದರೆ ಕಾಲೇಜಿನ ಕುಂದುಕೊರತೆ ನಿವಾರಣಾ ಸಮಿತಿಗೆ ಬರೆದು ದೂರು ಕೊಡಿ.   ಅಲ್ಲಿ ತೃಪ್ತಿ ಆಗದಿದ್ದರೆ ಜಿಲ್ಲಾ ಮಟ್ಟದ ವಿಕಲಚೇತನರ ಸಮಿತಿ, ಅದರ ಮೇಲೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರು. ಆಯುಕ್ತರಿಗೆ ಜನರನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವಿಕಲಚೇತನರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಸಹಾಯವಾಣಿ 15100.

ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕು ಅರ್ಜಿಯೂ ಕೆಲಸ ಮಾಡುತ್ತದೆ. ಶುಲ್ಕ 10 ರೂ., ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಅಷ್ಟರಲ್ಲೇ ಎರಡು ಪ್ರಶ್ನೆ ಹಿಡಿಯುತ್ತದೆ: ‘ಇಂಥ ದಿನಾಂಕದ, ಇಂಥ ಇನ್‌ವರ್ಡ್ ಸಂಖ್ಯೆಯ ನನ್ನ ಪತ್ರದ ಮೇಲೆ ಏನು ಕ್ರಮ ಆಗಿದೆ? ಆ ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ.’ ಖುದ್ದಾಗಿ ಹೋಗಲು ಆಗದವರು ಸ್ಪೀಡ್ ಪೋಸ್ಟ್ ಮಾಡಿ, ರಶೀದಿಯನ್ನು ಅದೇ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ.